ಹುಳು ಸತ್ತ ಮೇಲೆ

ಕೆಂಪಗೆ ಉರಿಯುತ್ತಿದೆ, ಬಾಗಿಲಿನ ದುಂಡು ಗಾಜಿನಾಚೆ, ನನ್ನಾಕೆಯ ತೋರುಬೆರಳಿಗೆ ಕಚ್ಚಿಸಿದ ಕ್ಲಿಪ್ಪಿನ ಬೆಳಕು, ಉಗುರೆಲ್ಲ ದಾಳಿಂಬೆಯ ಬೀಜ, ಪರದೆಯಲ್ಲಿ ಆಮ್ಲಜನಕ ಎಂಬತ್ತೆಂಟು, ಎಂಬತ್ತೇಳು, ನನ್ನ ಕೈಯಲ್ಲಿ ಒಪ್ಪಿಗೆಯ ಹಾಳೆ, ಡಾಕ್ಟರು ಎರಡನೆಯ ಸಲ ಹೇಳುತ್ತಿದ್ದಾರೆ, ನೋಡಿ ಸರ್, ವೈರಸ್ಸು ಹೆಚ್ಚುಕಮ್ಮಿ ಹೋಗೇಬಿಟ್ಟಿದೆ, ಈಗ ಶ್ವಾಸಕೋಶಾನ ಹಾಳು ಮಾಡ್ತಿರೋದು ಅವರದೇ ರೋಗನಿರೋಧಕ ಶಕ್ತಿ, ಸ್ಟೀರಾಯ್ಡಿಗೆ ಬಗ್ಗಲಿಲ್ಲ, ಇನ್ನೂ ಬಲವಾದ ಮದ್ದು ಕೊಟ್ಟು ತಗ್ಗಿಸ್ಬೇಕು, ತಗ್ಗಿಸಿದಾಗ ಬೇರೆ ಸೋಂಕು ನುಗ್ಗಬಹುದು, ಅದಕ್ಕೇ ನಿಮ್ಮ ಸಹಿ — ಕಾವಲನ್ನು ಕಟ್ಟಿಹಾಕಲು ನನ್ನ ಸಹಿ, ಭಗವಂತಾ, ವೈರಿ ಹೊರಟುಹೋದದ್ದನ್ನು ಅರಿಯದೆ ತಾನು ಕಾಯುವ ಮನೆಗೇ ಕೊಳ್ಳಿಯಿಡುವ ಕಾವಲು, ಅದಕ್ಕೆ ಜಯಘೋಷ ಮಾಡಿದವನೂ ನಾನೇ, ನೂರಮೂರು ಜ್ವರ, ಒಳಗೆ ಯುದ್ಧ ನಡೀತಿದೆ ಕಣೇ, ಒಳ್ಳೇದೇ ಆಯ್ತು, ಎಂದಿದ್ದೆ, ಹೂಂ, ಯುದ್ಧಭೂಮಿ ನಾನಲ್ವೇ, ನಿಮಗೇನು, ಎಂದು ಅವಳು ಏದುಸಿರಿನಲ್ಲೂ ಕುಟುಕಿದ್ದಳು, ಐದು ದಿನ ಆಸ್ಪತ್ರೆ ಬೇಡವೆಂದೆ, ಗ್ರಂಥಸಂಪಾದಕನಿಗೆ ವೈದ್ಯವೂ ವಶವಾಗಿದೆಯೆಂಬ ಹಮ್ಮು — ಅಂದೂ ಅದೇ ಹಮ್ಮು, ಗ್ರಂಥಾಲಯದ ಕಿಟಕಿಯ ಪಕ್ಕದ ಮೇಜು, ಮುನ್ನೂರು ವರ್ಷದ ಹಸ್ತಪ್ರತಿ, ಹಾಳೆಯ ನಡುವೆ ಹುಳು ಕೊರೆದ ಸಾಸಿವೆಗಾತ್ರದ ತೂತು, ಒಂದು ಮೊಟ್ಟೆಯೂ ಉಳಿಯಬಾರದೆಂದು ನಾನು ಮೊನಚು ಚಾಕುವಿನಿಂದ ಕೆರೆಯುತ್ತ ಕೆರೆಯುತ್ತ, ಎದುರಿಗೆ ಕೂತು ಪ್ರತಿ ಎತ್ತುತ್ತಿದ್ದ ಅವಳು, ರೀ, ಹುಳು ಆಗ್ಲೇ ಸತ್ತಿದೆ, ಚಾಕು ಕೆಳಗಿಡಿ, ನಾನು ಇಡಲಿಲ್ಲ, ಹುಳು ತಿಂದದ್ದು ಎರಡಕ್ಷರ, ನಾನು ತಿಂದದ್ದು ಇಡೀ ಪದ್ಯ, ಅವಳಿನ್ನೂ ಬರೆದುಕೊಳ್ಳದಿದ್ದ ಪದ್ಯ, ಬೇರೆಲ್ಲಿಯೂ ಪ್ರತಿಯಿಲ್ಲದ ಪದ್ಯ, ಅವಳು ಆ ತೂತಿನಲ್ಲಿ ತೋರುಬೆರಳು ತೂರಿಸಿ ಆಡಿಸಿದಳು, ಪಂಡಿತರೇ, ಹುಳು ಸಿಕ್ತು, ಸಂತೋಷ, ಪದ್ಯ ಎಲ್ಲಿ, ಎಂದು ನಕ್ಕಳು, ಆಮೇಲೆ ನಗಲಿಲ್ಲ, ಹಾಳೆಯ ನಡುವೆ ಆ ಬೆರಳು — ಭಾವ, ಅವಳ ತಮ್ಮ ಭುಜ ಅಲುಗಿಸುತ್ತಿದ್ದಾನೆ, ಇದಕ್ಕೂ ಪಾಠಾಂತರ ಹುಡುಕ್ತಾ ಕೂತ್ರಾ, ಅಕ್ಕನ ಹತ್ರ ಅಷ್ಟು ಹೊತ್ತಿಲ್ಲ, ಸಹಿ ಹಾಕಿ — ಹಾಕುತ್ತಿದ್ದೇನಪ್ಪಾ, ನನ್ನ ಹೆಸರು ಬರೆದು ಮುಗಿಸಿದೆ, ಚಾಕು ಕೆಳಗಿಟ್ಟೆ ಕಣೇ, ತಡವಾಗಿ, ನೀನು ಹೇಳಿದ ಎಷ್ಟೋ ದಿನಗಳ ಮೇಲೆ, ಡಾಕ್ಟರು ಹಾಳೆ ಕಿತ್ತುಕೊಂಡಂತೆ ಒಯ್ದರು, ಬಾಗಿಲು ತೆರೆಯಿತು, ಮುಚ್ಚಿತು, ಮತ್ತೆ ಅದೇ ದುಂಡು ಗಾಜು, ಎಂಬತ್ತೇಳು, ನಿನಗೆ ಇನ್ನೊಂದು ಪ್ರತಿಯಿಲ್ಲ, ಎಂಬತ್ತಾರು, ಆಡಿಸು, ಒಂದು ಸಲ ಆಡಿಸು, ಗಾಜಿನ ದುಂಡು ತೂತಿನೊಳಗೆ ಕೆಂಪು ಬೆರಳು, ಅಲುಗದ ಬೆರಳು, ಬೆರಳು —