ಜೋಡಿ ಯಾರ ಬಂದಾರ?

ಅಬ್ದುಲರೌಫ ಬೈಕು ನಿಲ್ಲಿಸಿ ಬರುವಷ್ಟರಲ್ಲಿ ತಾಯಿ ನಸೀಮಾಬಿ ಟಿಕೆಟ್ ಹಿಡಿದು ಸರದಿಯಲ್ಲಿ ಮುಂದಕ್ಕೆ ಹೋಗಿಬಿಟ್ಟಿದ್ದಳು. ಅವತ್ತು ಬೆಳಿಗ್ಗೆಯಷ್ಟೇ ಗಂಗಾವತಿಯಲ್ಲಿ ಅವಳಿಗೆ ಹೊಸ ಹಲ್ಲಿನ ಸೆಟ್ ಕೂರಿಸಿದ್ದರು. ಯಲಬುರ್ಗಾ ಕಡೆಯ ಮಂಗಳೂರು ಎಂಬ ಹಳ್ಳಿ ಅವರ ಊರು. ಮರಳುವಾಗ ಹೇಮಗುಡ್ಡದ ಹತ್ತಿರ ಈ ಆಟದ ಜಾಗ ಕಂಡಿತ್ತು. ಎತ್ತರದ ಕಬ್ಬಿಣದ ಕಂಬ, ಅದರ ಸುತ್ತ ಕುರ್ಚಿಗಳು. ಜನರನ್ನು ಬಿಗಿದು ಕೂರಿಸಿ ಮೇಲಕ್ಕೊಯ್ದು ಒಮ್ಮೆಲೇ ಕೆಳಗೆ ಬಿಡುತ್ತಿದ್ದರು. ನೋಡಿದ್ದೇ ತಡ, ಅವಳು ಬೈಕು ನಿಲ್ಲಿಸುವತನಕ ಮಗನ ಬೆನ್ನಿಗೆ ಗುದ್ದಿದ್ದಳು.

"ಸರ್! ರೌಫ್ ಸರ್!"

ಕೊಪ್ಪಳದ ಕಾಲೇಜಿನ ಅವನ ವಿದ್ಯಾರ್ಥಿಗಳು. ಕವಿತಾ, ದುರಗೇಶ, ಇನ್ನೂ ಐದಾರು ಮಂದಿ ಸುತ್ತುವರಿದರು. ಭೌತಶಾಸ್ತ್ರ ಕಲಿಸಲು ಅವನು ಅಲ್ಲಿ ಸೇರಿ ಎರಡೇ ತಿಂಗಳು. ಮೊದಲ ದಿನ ಯಾರೋ, "ಸರ್, ನಿಮ್ಮದು ಹೈದರಾಬಾದಾ?" ಎಂದು ಕೇಳಿದ್ದರು. ಅವನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ, ನಕ್ಕಿದ್ದ. ಅಂದಿನಿಂದ ಅವನು ಹೈದರಾಬಾದಿನ ಸರ್.

"ಸರ್, ಬೀಳೋವಾಗ ತೂಕ ಹೋಗ್ತೈತಂತ, ಖರೇನ್ರಿ?" ದುರಗೇಶ ಕೇಳಿದ.

"ತೂಕ ಎಲ್ಲಿಗೂ ಹೋಗುವುದಿಲ್ಲ. ಕುರ್ಚಿಯೂ ನಿಮ್ಮ ಜೊತೆಗೇ ಬೀಳುತ್ತದೆ. ಅದು ನಿಮ್ಮನ್ನು ಒತ್ತುವುದು ನಿಲ್ಲುತ್ತದೆ, ಅಷ್ಟೇ. ಇಪ್ಪತ್ತು ಮೀಟರ್ ಬೀಳಲು ಸುಮಾರು ಎರಡು ಸೆಕೆಂಡು."

ಹುಡುಗರು ತಲೆದೂಗಿದರು. ಅಷ್ಟರಲ್ಲಿ ಕುರ್ಚಿಗಳ ಹತ್ತಿರ ಮೈಕು ಹಿಡಿದು ಆಟ ನಡೆಸುತ್ತಿದ್ದ ಗಿಡ್ಡಪ್ಪ ಎಂಬವನು ಕೂಗಿದ.

"ಏ ಅಮ್ಮಾರ, ಹಲ್ಲು ಕಟ್ಟಿಸಿದ್ದೇನ್ರಿ? ತಗದ್ ಕೊಡ್ರಿ. ಗಂಟಲಕ್ಕ ಹೊಕ್ಕೊಂಡ್ರ ನಾ ಏನ್ ಮಾಡ್ಲಿ?"

"ಇವತ್ತ ಹಾಕಿಸೀನಪಾ! ಇನ್ನಾ ಒಂದು ರೊಟ್ಟಿ ಸೈತ ಕಡದಿಲ್ಲ ಇದರಾಗ."

ಮೈಕಿನಲ್ಲಿ ಅದೂ ಕೇಳಿಸಿತು. ಸರದಿ ಪೂರ್ತಿ ಗೊಳ್ಳೆಂದಿತು. ಸೆರಗನ್ನು ಸೊಂಟಕ್ಕೆ ಸಿಗಿಸಿ ಕೂತಿದ್ದ ನಸೀಮಾಬಿ ಬಾಯಿಂದ ಹಲ್ಲು ತೆಗೆದು, ತಾನೂ ಬೊಚ್ಚುಬಾಯಿ ತೆರೆದು ನಕ್ಕಳು.

"ಜೋಡಿ ಯಾರ ಬಂದಾರ? ಅವರ ಕೈಯಾಗ ಕೊಡ್ರಿ," ಎಂದ ಗಿಡ್ಡಪ್ಪ.

ನಸೀಮಾಬಿಯ ಕಣ್ಣು ಗುಂಪಿನಲ್ಲಿ ಹುಡುಕಿ ಮಗನನ್ನು ಕಂಡಿತು. ಹಲ್ಲು ಹಿಡಿದ ಕೈ ಅವನ ಕಡೆಗೆ ಎದ್ದಿತು.

ಅಬ್ದುಲರೌಫ ಬೂಟಿನ ಲೇಸು ಕಟ್ಟಲು ಬಗ್ಗಿದ. ಲೇಸು ಬಿಚ್ಚಿರಲಿಲ್ಲ.

ಬಗ್ಗಿದ್ದಾಗಲೇ ತಾಯಿಯ ದನಿ ಮೈಕಿನಲ್ಲಿ ಬಂತು: "ಯಾರೂ ಬಂದಿಲ್ಲಪಾ. ಒಬ್ಬಾಕೀನ ಬಂದೀನಿ."

"ಕೊಡ್ರಿ ಅಮ್ಮಾರ, ನಾ ಹಿಡಕೊಂತೀನಿ," ಎಂದು ಕವಿತಾ ಓಡಿಹೋಗಿ ಕರವಸ್ತ್ರ ಚಾಚಿದಳು.

ಕುರ್ಚಿಗಳು ಏರಿದವು, ತುದಿಯಲ್ಲಿ ನಿಂತವು, ಬಿದ್ದವು. ಉಳಿದವರೆಲ್ಲ ಚೀರಿದರು. ನಸೀಮಾಬಿಯ ಚಪ್ಪಲಿಯಿಲ್ಲದ ಪಾದಗಳು ಮೇಲಕ್ಕೆದ್ದಿದ್ದವು, ಅವಳು ನಗುತ್ತಿದ್ದಳು. ತಾಯಿ ಹಾಗೆ ನಕ್ಕದ್ದನ್ನು ಅವನು ಹಿಂದೆಂದೂ ಕೇಳಿರಲಿಲ್ಲ.

ಇಳಿದವಳು ಕವಿತಾಳ ಕೈಯಿಂದ ಹಲ್ಲು ಇಸಿದುಕೊಂಡು, ಸೆರಗು ಸರಿಪಡಿಸಿಕೊಂಡು ಗುಂಪಿನ ಹತ್ತಿರ ಬಂದಳು. ಮನೆಯಲ್ಲಿ ತಾಯಿ ಮಗನ ಮಾತು ಉರ್ದು. ಅವನು ಹುಟ್ಟಿದಾಗಿನಿಂದ ಅವಳು ಅವನೊಂದಿಗೆ ಬೇರೆ ಭಾಷೆ ಆಡಿದವಳಲ್ಲ. ಈಗ ಅವನ ಮುಖ ನೋಡದೆ, ಕನ್ನಡದಲ್ಲಿ ಕೇಳಿದಳು:

"ಸರ್‌, ಕೊಪ್ಪಳದ ಬಸ್ಸು ಎಲ್ಲಿ ನಿಂದರ್ತಾವ್ರಿ?"

"ಗೇಟಿನ ಹೊರಗೆ, ಬಲಕ್ಕೆ," ಎಂದ ಅಬ್ದುಲರೌಫ. ಬಾಯಿಂದ ಬಂದದ್ದು ಅದೇ.

"ಛಲೋ ಆತ್ರಿ."

ಅವಳು ಹೊರಟಳು.

"ಪಾಪ, ಮನ್ಯಾಗ ಯಾರೂ ಇಲ್ಲೇನೋ," ಎಂದಳು ಕವಿತಾ. "ಈ ವಯಸ್ಸಿನ್ಯಾಗ ಒಬ್ಬಾಕೀನ ಬಿಟ್ಟಾರ ನೋಡ್ರಿ ಸರ್."

"ಬಿಟ್ಟಿಲ್ಲ," ಎಂದ ಅಬ್ದುಲರೌಫ. "ಬಿಟ್ಟಿಲ್ಲವ್ವಾ. ಜೋಡಿ ನಾ ಬಂದೀನಿ. ಆಕಿ ನಮ್ಮವ್ವ. ನಮ್ದು ಯಲಬುರ್ಗಾ ಕಡೆ ಮಂಗಳೂರು."

ದುರಗೇಶ ನಗಲು ಬಾಯಿ ತೆರೆದು ಮುಚ್ಚಿಕೊಂಡ. ಕವಿತಾ ಕೈಯಲ್ಲಿದ್ದ ಕರವಸ್ತ್ರವನ್ನು ನೋಡಿದಳು. ಯಾರಾದರೂ ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಬೈಕು ತಂದು ಬಸ್ ನಿಲ್ಲುವ ಮರದಡಿ ನಿಲ್ಲಿಸಿದಾಗ ನಸೀಮಾಬಿ ಹಿಂದೆ ಹತ್ತಿ ಕೂತಳು. ಕೈ ಮಾತ್ರ ಎಂದಿನಂತೆ ಅವನ ಹೆಗಲ ಮೇಲೆ ಬರಲಿಲ್ಲ. ಹಿಂದಿನ ಕಬ್ಬಿಣದ ಹಿಡಿಕೆಯನ್ನು ಹಿಡಿದಿತ್ತು. ಬಹಳ ದೂರ ಹೋದ ಮೇಲೆ ಅವನು ಉರ್ದುವಿನಲ್ಲಿ ಕೇಳಿದ, ಮೇಲೆ ಹೋದಾಗ ಹೆದರಿಕೆ ಆಯಿತೇ ಎಂದು.

"ಇಲ್ರಿ," ಎಂದಳು ತಾಯಿ. "ಭಾಳ ಛಲೋ ಇತ್ರಿ."