ಒಂಬತ್ತು ಕೆಡುಕಿನ ದಿನ

ಹನ್ನೊಂದನೇ ತಿಂಗಳ ಏಳನೇ ದಿನ ಊರಾ ಕಣಿವೆಯಲ್ಲಿ ಯಾರೂ ಪ್ರಯಾಣ ಹೊರಡುವುದಿಲ್ಲ. ಒಂಬತ್ತು ಕೆಡುಕುಗಳು ಒಂದೇ ಕಡೆ ಸೇರುವ ದಿನ ಅದು. ಅವತ್ತು ಹಿಡಿದ ಕೆಲಸ ಕೆಡುತ್ತದೆ, ಹೊರಟವರು ತಲುಪುವುದಿಲ್ಲ. ಒಲೆಯ ಮುಂದೆ ಕೂತು ಸಾರಾಯಿ ಬಿಸಿಮಾಡಿಕೊಂಡು ಹರಟೆ ಹೊಡೆಯುವುದೊಂದೇ ಕ್ಷೇಮ. ಈ ಕಟ್ಟಳೆಯನ್ನು ನಮ್ಮವರು ಎಷ್ಟು ಭಕ್ತಿಯಿಂದ ಪಾಲಿಸುತ್ತಾರೆಂದರೆ, ಸೋಮಾರಿಗಳಿಗೆ ಇದಕ್ಕಿಂತ ದೊಡ್ಡ ಹಬ್ಬವಿಲ್ಲ. ಆದರೆ ಆ ವರ್ಷ ಬಿಧಾಳ ಮಗಳು ಲ್ಹಾದೆನ್ ಅದೇ ದಿನ ಹೊರಡಲೇಬೇಕಾಯಿತು.

ಲ್ಹಾದೆನ್ ಕೆಳಗಿನ ಸೆಖೆ ನಾಡಿನ ಶಾಲೆಯೊಂದರಲ್ಲಿ ಟೀಚರ್. ತುಂಬು ಬಸುರಿ. ಹೆರಿಗೆಗೆ ಮುಂಚೆ ಹುಟ್ಟೂರಿನ ದೇಗುಲದಲ್ಲಿ ಬೆಣ್ಣೆದೀಪ ಹಚ್ಚಿ ಹೋಗುತ್ತೇನೆಂದು ನಾಲ್ಕು ದಿನದ ಮಟ್ಟಿಗೆ ಬಂದಿದ್ದಳು. ಮಗು ಹೊಟ್ಟೆಯಲ್ಲಿ ಅಡ್ಡ ಮಲಗಿತ್ತು. ನೋವು ಶುರುವಾಗುವ ಮೊದಲೇ ಮೊಂಗಾರಿನ ಆಸ್ಪತ್ರೆ ಸೇರಬೇಕು, ಇಲ್ಲವಾದರೆ ತಾಯಿ ಮಗು ಇಬ್ಬರೂ ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ಮೊಂಗಾರಿಗೆ ಹೋಗಬೇಕಾದರೆ ಥ್ರುಮ್ಶಿಂಗ್ ಘಾಟಿ ದಾಟಬೇಕು. ನಾಳೆ ಸಂಜೆಯಿಂದ ಭಾರೀ ಹಿಮ, ಘಾಟಿ ಮುಚ್ಚಬಹುದು ಎಂದು ಆರನೇ ದಿನ ಮಧ್ಯಾಹ್ನ ರೇಡಿಯೊ ಹೇಳಿತು. ಊರಿಗಿದ್ದ ಒಂದೇ ಟ್ಯಾಕ್ಸಿ, ಶೆರುಬ್‌ನದು, ಜಾಕರ್ ಪೇಟೆಗೆ ಹೋದದ್ದು ಸಂಜೆಗೇ ಬರುವುದು, ಕತ್ತಲಲ್ಲಿ ಘಾಟಿ ಹತ್ತುವಂತಿಲ್ಲ. ಅತ್ತ ದರಿ, ಇತ್ತ ಪುಲಿ.

ಬಿಧಾ ಪಂಚಾಂಗ ನೋಡುವ ಲಾಮನ ಹತ್ತಿರ ಓಡಿದಳು. ಆತ ಜಪಮಾಲೆ ತಿರುಗಿಸುತ್ತಲೇ, "ಇವತ್ತು ದಿನ ಚೆನ್ನಾಗಿದೆ. ಹೊರಡೋರ ಮೈಮೇಲಿನ ಬಟ್ಟೆ ಇವತ್ತೇ ಊರಾಚೆಗೆ ಕಳಿಸಿಬಿಡು. ಬಟ್ಟೆ ಹೊರಟರೆ ಆಳು ಹೊರಟ ಹಾಗೇ," ಎಂದ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬಂಥ ಈ ಉಪಾಯ ನಮ್ಮ ಅಜ್ಜಂದಿರ ಕಾಲದ್ದು.

ಬಿಧಾ ಮಗಳ ಹಸಿರು ಕೋಟು ತೆಗೆದಳು, ತನ್ನ ಸೊಂಟಪಟ್ಟಿ ಬಿಚ್ಚಿದಳು. ಸಂಜೆ ಶೆರುಬ್ ಬಂದು ಗಾಡಿ ನಿಲ್ಲಿಸುವುದೇ ತಡ, ಅವನ ತಲೆಯ ಟೋಪಿ ಕಿತ್ತುಕೊಂಡಳು.

"ಅಯ್ಯೋ ಆಮಾ, ಚಳಿಗೆ ಕಿವಿ ಉದುರಿ ಹೋಗುತ್ತೆ!" ಎಂದ ಶೆರುಬ್. "ನಮ್ಮದೆಲ್ಲ ಆಯ್ತು, ಗಾಡಿಗೇನು ಕಳಿಸ್ತೀಯ? ಅದೂ ಹೊರಡೋದಲ್ವಾ?"

ಅವನು ಹೇಳಿದ್ದು ತಮಾಷೆಗೆ. ಬಿಧಾ ಮಾತ್ರ ಬಟ್ಟೆಗಳ ಗಂಟನ್ನು ಹೆಗಲಿಗೇರಿಸಿ, ಸ್ಟೆಪ್ನಿ ಇಳಿಸಿಕೊಂಡು, ಊರಾಚೆ ಮೊಂಗಾರ್ ದಾರಿಯಲ್ಲಿದ್ದ ತ್ಸೊಮೊಳ ಅಂಗಡಿಯ ತನಕ ತಾನೇ ಉರುಳಿಸಿಕೊಂಡು ಹೋದಳು. ಲ್ಹಾದೆನ್ ಕಿಟಕಿಯಲ್ಲಿ ನಿಂತು ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಂಡಳು.

"ಆಮಾ, ನಿನಗೆ ಹುಚ್ಚು ಪೂರ್ತಿ ಹಿಡಿದಿದೆ. ನನ್ನ ಶಾಲೆ ಮಕ್ಕಳಿಗೆ ಹೇಳಿದ್ರೆ ಬಿದ್ದು ಬಿದ್ದು ನಗ್ತಾರೆ."

"ನಗಲಿ ಬಿಡೇ. ನೀನು ನೆಟ್ಟಗೆ ತಲುಪು, ಆಮೇಲೆ ನಾನೂ ನಗ್ತೀನಿ."

ಬೆಳಿಗ್ಗೆ ಹೊರಟಾಗ ಊರಿನಲ್ಲಿ ಒಂದು ಬಾಗಿಲೂ ತೆರೆದಿರಲಿಲ್ಲ. ಕಿಟಕಿಗಳ ಸಂದಿಯಿಂದ ನೋಡುತ್ತಿದ್ದವರು ಕೈ ಬೀಸಲಿಲ್ಲ. ತ್ಸೊಮೊ ಗಂಟನ್ನೂ ಚಕ್ರವನ್ನೂ ಹಿಂದಿನ ದಿನವೇ ಅಂಗಡಿಯ ಹೊರಗೆ ಇಟ್ಟುಬಿಟ್ಟಿದ್ದಳು. ಕೊಡಲು ಅವಳೂ ಆಚೆ ಬರಲಿಲ್ಲ. ಶೆರುಬ್ ಅವನ್ನು ತಾನೇ ಗಾಡಿಗೆ ಹಾಕಿ, ಎಲೆಅಡಿಕೆ ಬಾಯಿಗೆ ಹಾಕಿಕೊಂಡು ಹಾಡು ಗುನುಗಲು ನೋಡಿದ. ಎರಡು ತಿರುವು ಕಳೆಯುವುದರಲ್ಲಿ ಅದೂ ನಿಂತುಹೋಯಿತು.

ಫರ್ ಮರಗಳ ಕಾಡು ದಟ್ಟವಾಯಿತು, ಮಂಜು ಗಾಜಿಗೆ ಬಂದು ಅಂಟಿಕೊಂಡಿತು. ಸಂಜೆಗೆ ಬರಬೇಕಾದ ಹಿಮ ಹತ್ತು ಗಂಟೆಗೇ ಉದುರತೊಡಗಿತು. ದಾರಿಯುದ್ದಕ್ಕೂ ಎದುರಿನಿಂದ ಒಂದೇ ಒಂದು ಗಾಡಿ ಬರಲಿಲ್ಲ. ಒಂದು ಕಡೆ ಹಿಂದಿನ ಚಕ್ರ ಜಾರಿ ಗಾಡಿ ಪ್ರಪಾತದ ಅಂಚಿಗೆ ವಾಲಿತು. ಶೆರುಬ್ ಉಸಿರು ಬಿಗಿಹಿಡಿದು ಅದನ್ನು ಮೆಲ್ಲಗೆ ರಸ್ತೆಗೆ ತಂದ.

"ನೋಡಿದೆಯಾ ಆಮಾ, ಚಕ್ರ ಉರುಳಿಸಿದ್ದು ಸಾರ್ಥಕ ಆಯ್ತು," ಎಂದ.

ಘಾಟಿಯ ನೆತ್ತಿಯಲ್ಲಿ ಮಂತ್ರ ಬರೆದ ಬಾವುಟಗಳೆಲ್ಲ ಹಿಮಕ್ಕೆ ಸೆಟೆದು ನಿಂತಿದ್ದವು. ಬಿಧಾ ಕಣ್ಣು ಮುಚ್ಚಿ ಲೆಕ್ಕ ಒಪ್ಪಿಸಿದಳು: ಮಗಳ ಕೋಟು ಹೋಗಿದೆ, ನನ್ನ ಪಟ್ಟಿ ಹೋಗಿದೆ, ಶೆರುಬ್‌ನ ಟೋಪಿ ಹೋಗಿದೆ, ಗಾಡಿಯದ್ದೂ ಹೋಗಿದೆ, ಗುರುವೇ ನಾವೆಲ್ಲ ನಿನ್ನೆಯೇ ಹೊರಟವರು. ಎಲ್ಲರೂ ಅಂದರೆ ಎಷ್ಟು ಜನ? ಗಾಡಿಯಲ್ಲಿ ಮೂವರಲ್ಲ, ನಾಲ್ವರಿದ್ದರು. ರಬ್ಬರಿನ ಚಕ್ರಕ್ಕೂ ದಾರಿ ಮಾಡಿಕೊಟ್ಟವಳು ಹೊಟ್ಟೆಯೊಳಗಿನ ಜೀವವನ್ನು ಮರೆತಿದ್ದಳು! ನೆನಪಾಗಿದ್ದರೂ ಏನು ಕಳಿಸುತ್ತಿದ್ದಳು? ಮಗು ಹುಟ್ಟುವ ಮುಂಚೆ ಅದಕ್ಕೆಂದು ಒಂದು ಚಿಂದಿಯನ್ನೂ ಹೊಲಿಯಬಾರದು ಎಂದು ಮಗಳ ಕೈಯಿಂದ ಸೂಜಿ ಕಸಿದುಕೊಂಡವಳು ಅವಳೇ.

ಹಿಂದಿರುಗೋಣವೆಂದರೆ, ಹೊರಟವರು ಅರ್ಧ ದಾರಿಯಿಂದ ತಿರುಗುವುದು ಅದಕ್ಕಿಂತ ಕೆಟ್ಟದ್ದು. ಬಿಧಾ ಮಗಳ ಕಡೆ ತಿರುಗಿದಳು.

"ಮಗಳೇ, ಒಳಗೆ ಆಡ್ತಾ ಇದೆಯಾ?"

"ನಿನ್ನೆ ರಾತ್ರಿ ಒದ್ದೂ ಒದ್ದೂ ಜೀವ ತೆಗೀತು. ಬೆಳಿಗ್ಗೆಯಿಂದ ಸುಮ್ಮನಿದೆ. ಮಲಗಿರಬೇಕು," ಎಂದಳು ಲ್ಹಾದೆನ್. ಅವಳ ದನಿಯಲ್ಲಿ ನಿನ್ನೆಯ ನಗು ಇರಲಿಲ್ಲ. ಬಿಧಾ ಮಗಳ ಹೊಟ್ಟೆಯ ಮೇಲೆ ಅಂಗೈ ಇಟ್ಟಳು. ಮೊಂಗಾರ್ ಬರುವ ತನಕ ಆ ಕೈ ತೆಗೆಯಲಿಲ್ಲ, ಅಂಗೈಗೆ ಏನೂ ತಾಕಲಿಲ್ಲ.

ಆಸ್ಪತ್ರೆಯಲ್ಲಿ ನರ್ಸು ಹೊಟ್ಟೆಗೆ ಯಂತ್ರ ಇಟ್ಟು ಮಗುವಿನ ಎದೆಬಡಿತಕ್ಕೆ ಕಿವಿಗೊಟ್ಟಳು. ಜಾಗ ಬದಲಿಸಿ ಮತ್ತೆ ಕೇಳಿದಳು. ಆಮೇಲೆ ಡಾಕ್ಟರನ್ನು ಕರೆದಳು. ಲ್ಹಾದೆನ್‌ಳನ್ನು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದರು. ತುಂಬ ಹೊತ್ತಿನ ಮೇಲೆ ಅದೇ ನರ್ಸು ಹೊರಗೆ ಬಂದಳು.

"ಆಮಾ, ಮಗುಗೆ ಸುತ್ತೋಕೆ ಬಟ್ಟೆ ತಂದಿದ್ದೀರಾ?"

"ಅಳ್ತಾ?" ಎಂದು ಕೇಳಿದಳು ಬಿಧಾ.

ನರ್ಸು ತಲೆ ತಗ್ಗಿಸಿದಳು. "ಇಲ್ಲ ಆಮಾ. ಅಳಲಿಲ್ಲ. ಗಂಡು ಮಗು. ನಿಮ್ಮ ಮಗಳಿಗೆ ಏನೂ ಆಗಿಲ್ಲ."

ಬಿಧಾ ಹೆಗಲ ಮೇಲಿನ ಶಾಲು ತೆಗೆದು ಕೊಟ್ಟಳು. ಅಳು ಬರಲಿಲ್ಲ, ತನ್ನ ಮೇಲೆ ತನಗೇ ಹುಟ್ಟಿದ ಅಸಹ್ಯ ಅಳುವನ್ನೂ ತಡೆದಿತ್ತು.

ಲ್ಹಾದೆನ್ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಬಿಧಾ ಪಕ್ಕದಲ್ಲಿ ಕೂತು ಅವಳ ಕೂದಲು ನೇವರಿಸಿದಳು. ಇಂಥದ್ದನ್ನೆಲ್ಲ ಒಂದು ದಿನವೂ ನಂಬದಿದ್ದ ಮಗಳು ತಿರುಗದೆಯೇ ಕೇಳಿದಳು:

"ಆಮಾ, ನೀನು ಎಲ್ಲರದ್ದೂ ಕಳಿಸಿದ್ದೆ ಅಲ್ವಾ?"

"ಕಳಿಸಿದ್ದೆ ಮಗಳೇ," ಎಂದಳು ಬಿಧಾ. "ಎಲ್ಲರದ್ದೂ ಕಳಿಸಿದ್ದೆ."