ಕಟ್ಟದ ಕೈಪಟ್ಟಿ

ಅಲಮೇಲುವಿನ ಗಂಡನ ವರ್ಷಾಬ್ದಿಕ ಮಾಡಲು ಅಟ್ಲಾಂಟಾದಿಂದ ಬಂದಿದ್ದ ಮೈದುನ ಗೋಪಿನಾಥ, ದೇವಸ್ಥಾನದಿಂದಲೇ ಏರ್‌ಪೋರ್ಟಿಗೆ ಹೊರಟುಹೋದ. ಅವಳಿಗೆ ಖಾಲಿ ಮನೆಗಿಂತ ಪ್ರಯೋಗಶಾಲೆ ವಾಸಿ ಎನಿಸಿತು. ಉಟ್ಟ ರೇಷ್ಮೆ ಸೀರೆಯ ಮೇಲೆ ಕೋಟು ಹಾಕಿಕೊಂಡು ನೇರ ಅಲ್ಲಿಗೆ ಬಂದಳು. ೧೯೯೭ರ ಫೆಬ್ರವರಿ. ಮೇರಿಲ್ಯಾಂಡಿನಲ್ಲಿ ಹೀಟರಿನ ಗಾಳಿಗೆ ತುಟಿ ಒಡೆಯುವಷ್ಟು ಒಣ ಹವೆ.

ಅಲ್ಲಿ ಅವಳೂ ಸಹೋದ್ಯೋಗಿಗಳೂ ಕಟ್ಟುತ್ತಿದ್ದದ್ದು ದೂರದ ಗೆಲಾಕ್ಸಿಗಳ ಕ್ಷೀಣ ತರಂಗಗಳನ್ನು ಬಿಡಿಸಿ ನೋಡುವ ಸ್ಪೆಕ್ಟ್ರೋಮೀಟರ್. ಅದರ ಜೀವವೆಲ್ಲ ಅಕ್ಕಿಕಾಳಿಗಿಂತ ಸಣ್ಣದಾದ ನಯೋಬಿಯಂ ಲೋಹದ ಚಿಪ್‌ನಲ್ಲಿ. ದ್ರವ ಹೀಲಿಯಂನಲ್ಲಿ ತಣಿಸಿದರೆ ಅದು ಅತಿವಾಹಕ. ಮೈಯ ವಿದ್ಯುತ್ತಿನ ಒಂದು ಕಿಡಿ ತಗುಲಿದರೆ ಮುಗಿಯಿತು. ಮುಟ್ಟುವವರು ಮಣಿಕಟ್ಟಿಗೆ ಆ ವಿದ್ಯುತ್ತನ್ನು ನೆಲಕ್ಕಿಳಿಸುವ ತಂತಿಯ ಪಟ್ಟಿ ಕಟ್ಟಿಕೊಳ್ಳಬೇಕು ಎಂಬುದು ಅಲ್ಲಿ ಮಡಿಗಿಂತ ಕಟ್ಟುನಿಟ್ಟಾದ ನಿಯಮ.

ಅಲಮೇಲು ಕಟ್ಟಿಕೊಳ್ಳಲಿಲ್ಲ. ಸಡಿಲಾದ ಕೇಬಲ್ಲು, ಒಂದೇ ತಿರುವು ಎಂದುಕೊಂಡಳು. ಬೆರಳ ತುದಿಯಲ್ಲಿ ಚಟ್ ಎಂದಿತು. ಪರದೆಯ ಮೇಲೆ ಮೆಟ್ಟಿಲಿನಂತೆ ಏರಬೇಕಿದ್ದ ಗೆರೆ ನೆಟ್ಟಗಾಗಿಬಿಟ್ಟಿತು. ಪರದೆ ಆರಿಸಿ, ಬಾಗಿಲು ಎಳೆದುಕೊಂಡು ಹೋದಳು. ಯಾರೂ ನೋಡಿರಲಿಲ್ಲ.

ಮರುದಿನ ಅದನ್ನು ಮೊದಲು ಕಂಡವರು ಗುರುಸಿದ್ದಪ್ಪ. ಧಾರವಾಡದ ಕಡೆಯವರು, ಐವತ್ತು ದಾಟಿದ ಎಂಜಿನಿಯರು. ಕೂದಲಿಗಿಂತ ತೆಳುವಾದ ತಂತಿಗಳನ್ನು ಚಿಪ್‌ಗೆ ಬೆಸೆಯುವ ಕೆಲಸ ಅವರದು.

"ಬೆಸುಗೆಯೇ ಕೆಟ್ಟಿರಬೇಕು" ಎಂದರು ತಂಡದ ಮುಖ್ಯಸ್ಥರಾದ ಪ್ರೊಫೆಸರ್, ಎಲ್ಲರ ಎದುರಿಗೆ. ಉಳಿದದ್ದು ಎರಡನೆಯ ದರ್ಜೆಯ ಇನ್ನೊಂದೇ ಚಿಪ್. ಎರಡು ವಾರದಲ್ಲಿ ಉಪಕರಣ ಟೆಲಿಸ್ಕೋಪಿನ ಬೆಟ್ಟಕ್ಕೆ ಹೋಗಬೇಕು. ಅದರ ಜೊತೆಗೆ ಹೋಗುವ ದಿನಕ್ಕಾಗಿ ಗುರುಸಿದ್ದಪ್ಪ ಆರು ವರ್ಷ ಕಾದಿದ್ದರು.

ಅಲಮೇಲು ಬಾಯಿ ಬಿಡಲಿಲ್ಲ. ವರ್ಷವಿಡೀ ಎಲ್ಲರೂ ಅವಳ ತಪ್ಪುಗಳನ್ನು 'ಪಾಪ' ಎಂದು ಮನ್ನಿಸುತ್ತ ಬಂದಿದ್ದರು. ಇನ್ನೊಂದು ಪಾಪ ಅವಳಿಗೆ ಬೇಡವಾಗಿತ್ತು.

ಹೊರಗೆ ಗುರುಸಿದ್ದಪ್ಪನವರೇ ಅವಳನ್ನು ಸಮಾಧಾನ ಮಾಡಿದರು.

"ಮಾರಿ ಯಾಕ ಹಿಂಗ ಮಾಡೀ ತಂಗಿ? ಉಪಾಸ ಗಿಪಾಸ ಮಾಡಿಯೇನ? ಬಾ, ರೊಟ್ಟಿ ಅದಾವು, ಶೇಂಗಾ ಚಟ್ನಿ ಐತಿ. ನಿಮ್ಮ ಮೈಸೂರಿನ ಬೆಲ್ಲದ ಸಾರು ಅಲ್ಲ ಮತ್ತ."

ತುತ್ತು ಗಂಟಲಲ್ಲಿ ಇಳಿಯಲಿಲ್ಲ ಎನ್ನುವಂತಿಲ್ಲ. ಇಳಿಯಿತು. ಎರಡು ರೊಟ್ಟಿ ತಿಂದಳು. ಆಮೇಲೆ ಅದನ್ನು ನೆನೆದಾಗಲೆಲ್ಲ ಮುಖ ಬಿಸಿಯಾಗುತ್ತಿತ್ತು.

ನಾಲ್ಕನೆಯ ದಿನ ಪ್ರೊಫೆಸರರ ಕೋಣೆಗೆ ಹೋಗಿ ನಡೆದದ್ದನ್ನು ಹೇಳಿದಳು. ಅವರು ದನಿ ತಗ್ಗಿಸಿದರು. ಅಂಥ ದಿನ ನೀನು ಬರಲೇಬಾರದಿತ್ತು, ಹೋಗಲಿ, ಒಂದು ವಾರ ರಜೆ ತೆಗೆದುಕೋ ಎಂದರು. ಅದೇ ಪಾಪ, ಇಂಗ್ಲಿಷಿನಲ್ಲಿ.

"ಗುರುಸಿದ್ದಪ್ಪನವರ ಪ್ರಯಾಣ?" ಎಂದು ಕೇಳಿದಳು.

"ಅವರೇ ನಿನ್ನೆ ಬೇಡವೆಂದರು. ಅವರ ಜಾಗಕ್ಕೆ ಬೇರೆಯವರು ಒಪ್ಪಿಯಾಯಿತು."

ಪ್ರಯೋಗಶಾಲೆಯಲ್ಲಿ ಗುರುಸಿದ್ದಪ್ಪ ಸೂಕ್ಷ್ಮದರ್ಶಕದ ಮುಂದೆ ಕೂತು ಹಳೆಯ, ಕೆಲಸಕ್ಕೆ ಬಾರದ ಚಿಪ್ ಒಂದಕ್ಕೆ ತಂತಿ ಬೆಸೆಯುತ್ತಿದ್ದರು. ಅವಳು ಬಾಗಿಲಲ್ಲೇ ನಿಂತಳು.

"ಚಿಪ್ ಹಾಳ್ಮಾಡಿದ್ದು ನಾನು, ಗುರುಸಿದ್ದಪ್ಪನವ್ರೇ. ಸ್ಟ್ರಾಪ್ ಹಾಕ್ಕೊಂಡಿರ್ಲಿಲ್ಲ. ಅವತ್ತೇ ಗೊತ್ತಾಯ್ತು ನಂಗೆ."

ಅವರು ಸೂಕ್ಷ್ಮದರ್ಶಕದ ದೀಪ ಆರಿಸಿದರು.

"ಕೈ ನಡಗಾಕ ಹತ್ಯಾವು, ನಾ ಬರಂಗಿಲ್ಲ ಅಂತ ಸಾಹೇಬ್ರಿಗೆ ಹೇಳಿ ಬಂದೆ ತಂಗಿ. ಮೂರ್ ದಿನದಿಂದ ಇಲ್ಲೇ ಕುಂತು ಕೈ ನೋಡ್ಕೋತ ಇದ್ದೆ. ನೋಡ್ಕೋತ ನೋಡ್ಕೋತ ಖರೇನ ನಡಗಾಕ ಹತ್ತಿದ್ವು" ಎಂದರು.

"ನಂದು ತಪ್ಪಾಯ್ತು ಅನ್ನೋಕೂ..."

"ಅನ್ನಬ್ಯಾಡ."

ಅವರು ಎರಡೂ ಕೈಗಳನ್ನು ಮೇಜಿನ ಮೇಲಿಂದ ತೆಗೆದು, ಅವಳ ಕಣ್ಣಿಗೆ ಬೀಳಬಾರದೆಂಬಂತೆ, ತೊಡೆಯ ನಡುವೆ ಇಟ್ಟುಕೊಂಡರು.